ಹಿತ್ತಾಳೆ ವಾದ್ಯಗಾರರ ಕೈ ಮತ್ತು ಮುಂಗೈ ನೋವು

ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಯೂಫೋನಿಯಂ, ಟ್ಯೂಬಾ ಮೊದಲಾದ ಹಿತ್ತಾಳೆ ಗಾಳಿವಾದ್ಯಗಳನ್ನು ಊದುವವರಲ್ಲಿ ಬೆರಳಿನಿಂದ ಮೊಣಕೈವರೆಗೆ ಕಾಣಿಸಿಕೊಳ್ಳುವ ನೋವು, ಬಿಗಿತ, ಜೋಮು ಮತ್ತು ಬಲಹೀನತೆ. ಇದು ಒಂದೇ ರೋಗವಲ್ಲ. ಸ್ನಾಯುವಿನ ದಣಿವು, ಸ್ನಾಯುರಜ್ಜುವಿನ ತೊಂದರೆ, ನರದ ಮೇಲಿನ ಒತ್ತಡ, ಕೀಲಿನ ಸವೆತ, ಅಪರೂಪಕ್ಕೆ ಚಲನೆಯನ್ನು ನಿಯಂತ್ರಿಸುವ ಮಿದುಳಿನ ವ್ಯವಸ್ಥೆಯಲ್ಲಿನ ಏರುಪೇರು, ಹೀಗೆ ಹಲವು ಕಾರಣಗಳು ಒಂದೇ ಜಾಗದಲ್ಲಿ ನೋವಾಗಿ ತೋರಬಹುದು. ಹಿತ್ತಾಳೆ ವಾದ್ಯದ ಸ್ವರ ಹುಟ್ಟುವುದು ಉಸಿರು ಮತ್ತು ತುಟಿಯ ಕಂಪನದಿಂದ. ಹಾಗಾಗಿ ಗುರುಗಳ ಗಮನವೂ ವೈದ್ಯರ ಗಮನವೂ ಬಹುಕಾಲ ಬಾಯಿಯ ಮೇಲೆಯೇ ಇತ್ತು. ವಾದ್ಯವನ್ನು ಗಂಟೆಗಟ್ಟಲೆ ಹೊತ್ತು ನಿಲ್ಲುವ ಕೈಯನ್ನು ವಿಚಾರಿಸಿದವರು ಕಡಿಮೆ. ಈ ನೋವನ್ನು ಅರ್ಥಮಾಡಿಕೊಳ್ಳಲು ಮೊದಲು ತಿಳಿಯಬೇಕಾದದ್ದು ಒಂದು: ಬಹಳಷ್ಟು ಸಂದರ್ಭಗಳಲ್ಲಿ ಕೈ ಸೋಲುವುದು ಬೆರಳಾಡಿಸಿ ಅಲ್ಲ, ಹಿಡಿದುಕೊಂಡೇ ಇದ್ದು. ಆದ್ದರಿಂದ ಪರಿಹಾರವೂ ಔಷಧಿಗಿಂತ ಮೊದಲು ಹಿಡಿತದಿಂದ ಶುರುವಾಗಬೇಕು.

ಇತಿಹಾಸ

ಬೆರಳಿನಿಂದ ಒತ್ತಿ ಸ್ವರ ಬದಲಿಸುವ ವಾಲ್ವ್ ಬರುವ ಮುಂಚೆ ಟ್ರಂಪೆಟ್ ಒಂದು ಉದ್ದನೆಯ ಸಾದಾ ಕೊಳವೆ. ಅದನ್ನು ಒಂದೇ ಕೈಯಲ್ಲಿ ಹಿಡಿದು ಊದಬಹುದಾಗಿತ್ತು. ಸ್ವರಗಳೆಲ್ಲ ತುಟಿಯಿಂದಲೇ ಬರುತ್ತಿದ್ದವು. ಹಾರ್ನ್ ವಾದಕರು ಬಲಗೈಯನ್ನು ವಾದ್ಯದ ಅಗಲವಾದ ಬಾಯಿಯೊಳಗೆ ಇಟ್ಟು ಸ್ವರ ಬದಲಿಸುವ ಕ್ರಮ 18ನೆಯ ಶತಮಾನದ ನಡುವೆ ಬೆಳೆಯಿತು. ಡ್ರೆಸ್ಡೆನ್ನಿನ ಆಂಟನ್ ಯೋಸೆಫ್ ಹಾಂಪೆಲ್ ಅದನ್ನು ಕ್ರಮಬದ್ಧಗೊಳಿಸಿದವನೆಂದು ಹೆಸರಾದ. 1818ರಲ್ಲಿ ಹೈನ್‌ರಿಕ್ ಷ್ಟೋಲ್ಜೆಲ್ ಮತ್ತು ಫ್ರೀಡ್‌ರಿಕ್ ಬ್ಲೂಮೆಲ್ ಪ್ರಷ್ಯಾದಲ್ಲಿ ವಾಲ್ವ್‌ಗೆ ಪೇಟೆಂಟ್ ಪಡೆದರು. 1835ರಲ್ಲಿ ವಿಯೆನ್ನಾದ ಯೋಸೆಫ್ ರೀಡ್ಲ್ ತಿರುಗುವ ವಾಲ್ವನ್ನೂ, 1839ರ ಸುಮಾರಿಗೆ ಪ್ಯಾರಿಸ್ಸಿನ ಫ್ರಾಂಸ್ವಾ ಪೆರಿನೆ ಇಂದಿನ ಮಾದರಿಯ ಪಿಸ್ಟನ್ ವಾಲ್ವನ್ನೂ ರೂಪಿಸಿದರು. ಇದರಿಂದ ವಾದ್ಯಕ್ಕೆ ಎಲ್ಲ ಸ್ವರಗಳೂ ದಕ್ಕಿದವು. ಜೊತೆಗೆ ಎರಡು ಹೊಸ ಹೊರೆಗಳೂ ಬಂದವು: ಬೆರಳುಗಳಿಗೆ ವೇಗದ ಕೆಲಸ ಸಿಕ್ಕಿತು, ವಾಲ್ವ್ ಮತ್ತು ಹೆಚ್ಚುವರಿ ಕೊಳವೆಗಳಿಂದ ವಾದ್ಯದ ತೂಕ ಏರಿತು. 1890ರ ದಶಕದ ಕೊನೆಗೆ ಜರ್ಮನಿಯ ಎರ್ಫುರ್ಟ್‌ನ ಕ್ರುಸ್ಪೆ ಕಾರ್ಯಾಗಾರದಲ್ಲಿ ರೂಪುಗೊಂಡ ಜೋಡಿ ಹಾರ್ನ್ ಎರಡು ವಾದ್ಯಗಳ ಕೊಳವೆಯನ್ನು ಒಂದರಲ್ಲಿ ಸೇರಿಸಿ ಎಡಗೈಯ ಭಾರವನ್ನು ಇನ್ನಷ್ಟು ಹೆಚ್ಚಿಸಿತು.

ವೈದ್ಯಶಾಸ್ತ್ರ ಈ ಕಡೆ ನಿಧಾನವಾಗಿ ತಿರುಗಿತು. ವೃತ್ತಿರೋಗಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಇಟಲಿಯ ಬೆರ್ನಾರ್ದಿನೊ ರಾಮಾಜಿನಿ 1700ರಲ್ಲಿ ಮೊದೆನಾದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಾಡುಗಾರರನ್ನೂ ಗಾಳಿವಾದ್ಯ ಊದುವವರನ್ನೂ ಸೇರಿಸಿಕೊಂಡಿದ್ದ. 1713ರ ವಿಸ್ತೃತ ಆವೃತ್ತಿಯಲ್ಲಿ ಆತ ಕೈ ದಣಿವಿನ ಬಗ್ಗೆ ವಿವರವಾಗಿ ಬರೆದದ್ದು ಲಿಪಿಕಾರರನ್ನು ಕುರಿತು. 1926ರಲ್ಲಿ ಬರ್ಲಿನ್ನಿನ ನರವೈದ್ಯ ಮತ್ತು ಸಂಗೀತಗಾರ ಕುರ್ಟ್ ಸಿಂಗರ್ ಸಂಗೀತಗಾರರ ವೃತ್ತಿರೋಗಗಳ ಮೇಲೆಯೇ ಒಂದು ಪುಸ್ತಕ ಬರೆದರು. 1980ರ ದಶಕದ ಆರಂಭದಲ್ಲಿ ಪಿಯಾನೊ ವಾದಕರಾದ ಗ್ಯಾರಿ ಗ್ರಾಫ್‌ಮನ್ ಮತ್ತು ಲಿಯಾನ್ ಫ್ಲೈಷರ್ ತಮ್ಮ ಕೈ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಅಮೆರಿಕದಲ್ಲಿ ಕಲಾವಿದರ ವೈದ್ಯಕೀಯ ಪ್ರತ್ಯೇಕ ಶಾಖೆಯಾಗಿ ಬೆಳೆಯಿತು. ಈ ಶಾಖೆಯದೇ ನಿಯತಕಾಲಿಕ 1986ರಲ್ಲಿ ಹೊರಬಂತು. 1988ರಲ್ಲಿ ಪ್ರಕಟವಾದ ಅಮೆರಿಕದ ಸಿಂಫನಿ ವಾದ್ಯವೃಂದಗಳ ಸಮೀಕ್ಷೆಯಲ್ಲಿ ಉತ್ತರಿಸಿದ 2,212 ಕಲಾವಿದರ ಪೈಕಿ 76 ಪ್ರತಿಶತ ಮಂದಿ, ವಾದನಕ್ಕೆ ಅಡ್ಡಿಯಾಗುವಂಥ ಕನಿಷ್ಠ ಒಂದು ಗಂಭೀರ ಆರೋಗ್ಯದ ತೊಂದರೆ ತಮಗಿದೆ ಎಂದರು. ಇವರಲ್ಲಿ ಎಲ್ಲ ಬಗೆಯ ವಾದ್ಯಗಳವರೂ ಇದ್ದರು. ಆದರೆ ತಂತಿವಾದ್ಯ ಮತ್ತು ಪಿಯಾನೊ ನುಡಿಸುವವರ ಕೈಯ ಮೇಲೆ ನಡೆದಷ್ಟು ಸಂಶೋಧನೆ ಹಿತ್ತಾಳೆ ವಾದ್ಯಗಾರರ ಕೈಯ ಮೇಲೆ ನಡೆದಿಲ್ಲ.

ಹಿಡಿಯುವ ಕೆಲಸ, ನುಡಿಸುವ ಕೆಲಸ

ಬೆರಳನ್ನು ಮಡಿಸುವ ಮತ್ತು ಚಾಚುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅವುಗಳಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳ ಮೂಳೆಗಳನ್ನು ಸೇರುತ್ತವೆ. ಬೆರಳಿಗೆ ಕೆಲಸ ಹೆಚ್ಚಾದಾಗ ದಣಿವು ಮುಂಗೈಯಲ್ಲಿ ಕಾಣುವುದು ಇದರಿಂದಲೇ. ಮಣಿಕಟ್ಟಿನ ಅಂಗೈ ಬದಿಯಲ್ಲಿ ಮೂಳೆಗಳಿಂದಲೂ ಗಟ್ಟಿಯಾದ ತಂತುಪಟ್ಟಿಯಿಂದಲೂ ಆದ ಇಕ್ಕಟ್ಟಿನ ದಾರಿಯೊಂದಿದೆ. ಇದಕ್ಕೆ ಕಾರ್ಪಲ್ ಸುರಂಗ ಎಂದು ಹೆಸರು. ಅದರಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಹಾದುಹೋಗುತ್ತವೆ. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವ ಅಲ್ನರ್ ನರ ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಚರ್ಮಕ್ಕೆ ಹತ್ತಿರದಲ್ಲೇ ಸಾಗುತ್ತದೆ. ಮೊಣಕೈಯನ್ನು ಹೆಚ್ಚು ಮಡಿಸಿದಷ್ಟೂ ಅದು ಎಳೆಯಲ್ಪಡುತ್ತದೆ.

ಸ್ನಾಯು ಎರಡು ರೀತಿ ದುಡಿಯುತ್ತದೆ. ವಾಲ್ವ್ ಒತ್ತಿ ಬಿಡುವಾಗ ಅದು ಬಿಗಿದು ಸಡಿಲವಾಗುತ್ತದೆ. ಸಡಿಲವಾದ ಪ್ರತಿ ಗಳಿಗೆಯಲ್ಲೂ ರಕ್ತ ಹರಿದು ಬರುತ್ತದೆ. ವಾದ್ಯವನ್ನು ಎತ್ತಿ ಹಿಡಿದಾಗ ಹಾಗಲ್ಲ. ಸ್ನಾಯು ಬಿಗಿದೇ ಇರುತ್ತದೆ, ಒಳಗಿನ ಒತ್ತಡ ಏರುತ್ತದೆ, ರಕ್ತದ ಹರಿವು ತಗ್ಗುತ್ತದೆ, ದಣಿವು ಬೇಗ ಬರುತ್ತದೆ. ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಳ್ಳುವುದು ಕಷ್ಟವಲ್ಲ. ಅದನ್ನು ತೋಳು ಚಾಚಿ ಹಿಡಿದು ನಿಲ್ಲುವುದು ಕಷ್ಟ. ಸುಮಾರು ಒಂದು ಕಿಲೋ ತೂಕದ ಟ್ರಂಪೆಟ್ ಕೂಡ ಒಂದು ಗಂಟೆಯ ತಾಲೀಮಿನಲ್ಲಿ ಭಾರವಾಗುವುದು ಈ ಕಾರಣಕ್ಕೆ. ಬಲವಾಗಿ ಹಿಡಿಯುವಾಗ ಬೆರಳು ಮಡಿಸುವ ಸ್ನಾಯುಗಳಷ್ಟೇ ದುಡಿಯುವುದಿಲ್ಲ. ಮಣಿಕಟ್ಟು ಒಳಕ್ಕೆ ಬಾಗದಂತೆ ತಡೆಯಲು ಮುಂಗೈಯ ಹೊರಬದಿಯ ಸ್ನಾಯುಗಳೂ ಬಿಗಿಯಬೇಕು. ಹೀಗಾಗಿ ಹಿಡಿತ ಬಿಗಿಯಾದಷ್ಟೂ ನೋವು ಮೊಣಕೈಯ ಹೊರಬದಿಗೆ ಏರುತ್ತದೆ.

ಹಿಡಿತ ಬಿಗಿಯಾಗಲು ತೂಕವೊಂದೇ ಕಾರಣವಲ್ಲ. ತಾರಸ್ವರಕ್ಕೆ ಏರುವಾಗ, ಜೋರಾಗಿ ಊದುವಾಗ ಹೆಚ್ಚಿನವರು ಮೌತ್‌ಪೀಸನ್ನು ತುಟಿಗೆ ಹೆಚ್ಚು ಒತ್ತುತ್ತಾರೆ. ಆ ಒತ್ತಡ ಬರುವುದು ಕೈ ವಾದ್ಯವನ್ನು ಮುಖದ ಕಡೆಗೆ ಎಳೆಯುವುದರಿಂದ. ಉಸಿರಿನ ಆಸರೆ ಸಾಲದಿದ್ದರೆ, ತುಟಿ ದಣಿದಿದ್ದರೆ ಕೈ ಆ ಕೊರತೆಯನ್ನು ತುಂಬಲು ಹೋಗುತ್ತದೆ. ಮುಂಗೈ ನೋವಿನ ಬೇರು ಕೆಲವೊಮ್ಮೆ ಬಾಯಲ್ಲಿರುತ್ತದೆ; ಕೈಗೆ ಎಷ್ಟು ಲೇಪನ ಹಚ್ಚಿದರೂ ಊದುವ ರೀತಿ ಬದಲಾಗದೆ ಅಂಥ ನೋವು ಪೂರ್ತಿ ಬಿಡುವುದಿಲ್ಲ.

ವಾದ್ಯವಾರು ಹೊರೆ

ಟ್ರಂಪೆಟ್ ಮತ್ತು ಕಾರ್ನೆಟ್: ಎಡಗೈ ವಾಲ್ವ್‌ಗಳ ಕವಚವನ್ನು ಹಿಡಿಯುತ್ತದೆ, ಬಲಗೈಯ ತೋರುಬೆರಳು, ನಡುಬೆರಳು, ಉಂಗುರ ಬೆರಳು ಮೂರು ವಾಲ್ವ್ ಒತ್ತುತ್ತವೆ. ಎಡಗೈಯ ಹೆಬ್ಬೆರಳು ಮತ್ತು ಉಂಗುರ ಬೆರಳು ಶ್ರುತಿ ತಿದ್ದುವ ಸ್ಲೈಡ್‌ಗಳನ್ನೂ ಸರಿಸಬೇಕಾಗುತ್ತದೆ. ಬಲಗೈಯ ಕಿರುಬೆರಳಿಗೆಂದು ಒಂದು ಕೊಕ್ಕೆ ಇದೆ. ಒಂದೇ ಕೈಯಲ್ಲಿ ಊದುತ್ತ ಹಾಳೆ ತಿರುಗಿಸಲು, ದನಿ ಬದಲಿಸುವ ಮ್ಯೂಟ್ ಹಾಕಲು ಅದು ಉಪಯುಕ್ತ. ಆದರೆ ಸದಾ ಅದರಲ್ಲಿ ಬೆರಳು ಸಿಕ್ಕಿಸಿ ಎಳೆಯುವ ಅಭ್ಯಾಸ ಎರಡು ರೀತಿ ಕೆಡಿಸುತ್ತದೆ: ತುಟಿಯ ಮೇಲಿನ ಒತ್ತಡ ಹೆಚ್ಚುತ್ತದೆ, ಉಂಗುರ ಬೆರಳು ಕಟ್ಟಿಹಾಕಿದಂತಾಗುತ್ತದೆ. ನಡುಬೆರಳು, ಉಂಗುರ ಬೆರಳು, ಕಿರುಬೆರಳುಗಳನ್ನು ಆಳದಿಂದ ಮಡಿಸುವ ಸ್ನಾಯು ಬಹುಮಟ್ಟಿಗೆ ಒಂದೇ; ಅವುಗಳನ್ನು ಚಾಚುವ ಸ್ನಾಯುರಜ್ಜುಗಳಿಗೂ ಕೈಯ ಹಿಂಬದಿಯಲ್ಲಿ ಅಡ್ಡ ಬೆಸುಗೆಗಳಿವೆ. ಕಿರುಬೆರಳು ಬಿಗಿದಿರುವಾಗ ಉಂಗುರ ಬೆರಳನ್ನು ಚುರುಕಾಗಿ ಎತ್ತಿ ಇಳಿಸಲು ಮುಂಗೈ ಅನಗತ್ಯವಾಗಿ ದುಡಿಯುತ್ತದೆ. ಎರಡನೆಯ ಮತ್ತು ಮೂರನೆಯ ವಾಲ್ವ್‌ಗಳ ವೇಗದ ಅದಲುಬದಲು ಕಷ್ಟವಾಗುವುದೂ ಇಲ್ಲಿಂದಲೇ.

ಫ್ರೆಂಚ್ ಹಾರ್ನ್: ಜೋಡಿ ಹಾರ್ನ್ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಇಲ್ಲಿ ವಾಲ್ವ್ ಒತ್ತುವುದು ಎಡಗೈ; ಅದೇ ಕೈ ಭಾರವನ್ನೂ ಹೊರಬೇಕು. ಹೆಬ್ಬೆರಳು ಎರಡು ಕೊಳವೆ ವ್ಯವಸ್ಥೆಗಳ ನಡುವೆ ಬದಲಿಸುವ ಕೀಲಿಯನ್ನು ಒತ್ತುತ್ತಲೇ ಇರುತ್ತದೆ, ಕಿರುಬೆರಳು ಕೊಕ್ಕೆಯಲ್ಲಿ ನೇತಾಡುತ್ತದೆ. ಹೆಬ್ಬೆರಳ ಬುಡದ ನೋವು, ಕಿರುಬೆರಳ ಸೆಳೆತ ಇಲ್ಲಿ ಸಾಮಾನ್ಯ ದೂರು. ಬಲಗೈ ವಾದ್ಯದ ಬಾಯೊಳಗಿದ್ದು, ನಿಂತು ನುಡಿಸುವಾಗ ಭಾರದ ಒಂದು ಪಾಲನ್ನು ಹೆಬ್ಬೆರಳು ಮತ್ತು ತೋರುಬೆರಳ ಮೇಲೆ ಹೊರುತ್ತದೆ. ಕುಳಿತಾಗ ವಾದ್ಯದ ಅಂಚನ್ನು ಬಲತೊಡೆಯ ಮೇಲೆ ಊರುವವರೂ ಇದ್ದಾರೆ, ಎತ್ತಿ ಹಿಡಿಯುವವರೂ ಇದ್ದಾರೆ; ಕೈ ನೋವಿರುವವರಿಗೆ ಊರುವುದೇ ಹಿತ.

ಟ್ರಾಂಬೋನ್: ಬಲಗೈ ಏಳು ಸ್ಥಾನಗಳ ನಡುವೆ ಸ್ಲೈಡನ್ನು ಓಡಿಸುತ್ತದೆ. ವಾದ್ಯದ ತೂಕವೆಲ್ಲ ಎಡಗೈಯದು. ಸ್ಲೈಡ್ ಮುಂದಕ್ಕೆ ಚಾಚಿದಾಗ ಭಾರದ ಕೇಂದ್ರವೂ ಮುಂದೆ ಸರಿದು ಎಡ ಮಣಿಕಟ್ಟನ್ನು ಕೆಳಕ್ಕೆ ತಿರುಚುತ್ತದೆ. ಹೆಬ್ಬೆರಳ ಸನ್ನೆಯಿರುವ ದೊಡ್ಡ ಟೆನರ್ ಮತ್ತು ಬೇಸ್ ಟ್ರಾಂಬೋನ್‌ಗಳಲ್ಲಿ ಹೊರುವ ಕೈಯೇ ಸನ್ನೆ ಒತ್ತುವ ಕೆಲಸವನ್ನೂ ಮಾಡಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿನ ನೋವು ಈ ವಾದ್ಯದವರ ಹಳೆಯ ಗೋಳು.

ಯೂಫೋನಿಯಂ, ಟ್ಯೂಬಾ, ಸೂಸಾಫೋನ್: ಯೂಫೋನಿಯಂ ನಾಲ್ಕು ಕಿಲೋಗೂ ಮೀರಿ ತೂಗುತ್ತದೆ, ದೊಡ್ಡ ಟ್ಯೂಬಾ ಹತ್ತು ಕಿಲೋ ಆಸುಪಾಸು. ಕುಳಿತು ನುಡಿಸುವಾಗ ತೊಡೆ ಅಥವಾ ಆಸನ ಭಾರ ಹೊರುತ್ತದೆ. ಆದರೆ ವಾದ್ಯದ ಎತ್ತರ ಸರಿಯಿಲ್ಲದಿದ್ದರೆ ಮೌತ್‌ಪೀಸ್ ಬಾಯಿಗೆ ತಲುಪುವಂತೆ ಕೈಯೇ ಎತ್ತಬೇಕಾಗುತ್ತದೆ. ಮೇಲಿನಿಂದ ಒತ್ತುವ ವಾಲ್ವ್‌ಗಳಿರುವ ಯೂಫೋನಿಯಂನಲ್ಲಿ ಬಲ ಮಣಿಕಟ್ಟು ಬಾಗಿದಂತಾಗುತ್ತದೆ, ಹೆಬ್ಬೆರಳು ಸಿಕ್ಕಿಸುವ ಉಂಗುರ ಆ ಬೆರಳಿನ ಪಕ್ಕದ ಸಣ್ಣ ನರವನ್ನು ಅದುಮಬಹುದು. 1890ರ ದಶಕದಲ್ಲಿ ಅಮೆರಿಕದ ಬ್ಯಾಂಡ್ ನಾಯಕ ಜಾನ್ ಫಿಲಿಪ್ ಸೂಸಾನ ಸೂಚನೆಯಂತೆ ರೂಪುಗೊಂಡ ಸೂಸಾಫೋನ್ ಮೈ ಸುತ್ತ ಬಳಸಿ ಎಡ ಭುಜದ ಮೇಲೆ ಕೂರುತ್ತದೆ. ಅದರ ಒತ್ತಡ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಮೇಲೆ ಬಿದ್ದರೆ ಜೋಮು ಕೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಸಾಮಾನ್ಯವಾಗಿ ಕಾಣುವ ತೊಂದರೆಗಳು

ಅತಿಬಳಕೆಯ ನೋವು: ಹೆಚ್ಚಿನವರಲ್ಲಿ ಕಾಣುವುದು ಇದೇ. ಮುಂಗೈ ಭಾರವಾಗಿ ನೋಯುತ್ತದೆ, ಒತ್ತಿದರೆ ನೋವು, ಬೆಳಗ್ಗೆ ಬಿಗಿತ. ಮೊದಮೊದಲು ನುಡಿಸಿದ ಮೇಲೆ ಬಂದು ವಿಶ್ರಾಂತಿಯಿಂದ ಹೋಗುತ್ತದೆ. ಅಲಕ್ಷಿಸಿದರೆ ನುಡಿಸುವಾಗಲೇ ಬರುತ್ತದೆ. ಕೊನೆಗೆ ಬಾಗಿಲ ಚಿಲಕ ಹಾಕುವಾಗಲೂ ಬಟ್ಟೆ ಹಿಂಡುವಾಗಲೂ ಕಾಡುತ್ತದೆ.

ಸ್ನಾಯುರಜ್ಜುವಿನ ತೊಂದರೆ: ಮೊಣಕೈಯ ಹೊರಬದಿಯ ನೋವಿಗೆ ಟೆನಿಸ್ ಎಲ್ಬೋ ಎನ್ನುತ್ತಾರೆ, ಒಳಬದಿಯದು ಬೆರಳು ಮಡಿಸುವ ಸ್ನಾಯುಗಳ ಬುಡಕ್ಕೆ ಸಂಬಂಧಿಸಿದ್ದು. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ದ ಕೆರ್ವಾಂ 1895ರಲ್ಲಿ ವಿವರಿಸಿದ ತೊಂದರೆಯಲ್ಲಿ ಹೆಬ್ಬೆರಳನ್ನು ಚಾಚುವ ರಜ್ಜುಗಳ ಕವಚ ದಪ್ಪಗಾಗಿ ಮಣಿಕಟ್ಟಿನ ಹೆಬ್ಬೆರಳ ಬದಿ ನೋಯುತ್ತದೆ. ಮಡಿಸಿದ ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಚ್ಚಿಕೊಳ್ಳುವ ಟ್ರಿಗರ್ ಫಿಂಗರ್ ಮಧುಮೇಹಿಗಳಲ್ಲಿ ಹೆಚ್ಚು.

ನರದ ಒತ್ತಡ: ಹೆಬ್ಬೆರಳಿನಿಂದ ಉಂಗುರ ಬೆರಳವರೆಗೆ ಜೋಮು, ಅದರಲ್ಲೂ ರಾತ್ರಿ ಎಚ್ಚರಗೊಳಿಸಿ ಕೈ ಕೊಡವಿಕೊಳ್ಳುವಂತೆ ಮಾಡಿದರೆ ಕಾರ್ಪಲ್ ಸುರಂಗದ ಶಂಕೆ. ಕಿರುಬೆರಳು ಮತ್ತು ಉಂಗುರ ಬೆರಳ ಜೋಮು ಮೊಣಕೈಯಲ್ಲಿ ಅಲ್ನರ್ ನರದ ಒತ್ತಡವನ್ನು ತೋರಿಸುತ್ತದೆ. ಟ್ರಂಪೆಟ್ ಮತ್ತು ಹಾರ್ನ್ ವಾದಕರ ಎಡ ಮೊಣಕೈ ದೀರ್ಘಕಾಲ ಮಡಿಸಿಯೇ ಇರುವುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು. ಕುತ್ತಿಗೆಯ ಬೆನ್ನೆಲುಬಿನಲ್ಲಿ ನರ ಅದುಮಿದರೂ ಇಂಥದೇ ಜೋಮು ಬರಬಹುದು.

ಕೀಲಿನ ತೊಂದರೆ: ಮಧ್ಯವಯಸ್ಸು ದಾಟಿದವರಲ್ಲಿ ಹೆಬ್ಬೆರಳ ಬುಡದ ಕೀಲು ಸವೆದು, ಹಾರ್ನ್‌ನ ಹೆಬ್ಬೆರಳ ಕೀಲಿಯಾಗಲಿ ಟ್ರಾಂಬೋನ್‌ನ ಸನ್ನೆಯಾಗಲಿ ಒತ್ತುವುದು ಕಷ್ಟವಾಗುತ್ತದೆ.

ಡಿಸ್ಟೋನಿಯಾ: ನುಡಿಸುವಾಗ ಮಾತ್ರ ಬೆರಳು ತಾನಾಗಿ ಮಡಿಸಿಕೊಳ್ಳುವುದು ಅಥವಾ ಚಾಚಿಕೊಳ್ಳುವುದು ಇದರ ಲಕ್ಷಣ. ಇದರಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ದೋಷ ಸ್ನಾಯುವಿನದಲ್ಲ, ಚಲನೆಯನ್ನು ನಿಯಂತ್ರಿಸುವ ಮಿದುಳಿನ ಜಾಲದ್ದು. ಹಿತ್ತಾಳೆ ವಾದ್ಯಗಾರರಲ್ಲಿ ಇದು ಕೈಗಿಂತ ತುಟಿಯಲ್ಲಿ ಹೆಚ್ಚು. ಹೆಚ್ಚು ಅಭ್ಯಾಸ ಮಾಡಿ ಇದನ್ನು ಮೀರಲು ಹೊರಟರೆ ಬಿಗಡಾಯಿಸುತ್ತದೆ, ಆದ್ದರಿಂದ ಬೇಗ ಗುರುತಿಸಬೇಕು.

ನೋವನ್ನು ಕರೆತರುವ ಸಂದರ್ಭಗಳು

ಅಭ್ಯಾಸದ ಪ್ರಮಾಣ ಒಮ್ಮೆಲೇ ಏರುವುದು ಮುಖ್ಯ ಕಾರಣ. ಪರೀಕ್ಷೆ, ಸ್ಪರ್ಧೆ, ಬೇಸಿಗೆ ಶಿಬಿರ, ಮೆರವಣಿಗೆಯ ಕಾಲ ಬಂದಾಗ ದಿನಕ್ಕೆ ಒಂದು ಗಂಟೆ ಊದುತ್ತಿದ್ದವರು ನಾಲ್ಕು ಗಂಟೆ ಊದುತ್ತಾರೆ. ಹೊಸ ವಾದ್ಯ, ಹೊಸ ಗುರು, ಕಠಿಣವಾದ ಹೊಸ ಕೃತಿ, ಕಾಯಿಲೆ ಮಲಗಿ ಎದ್ದ ನಂತರದ ಆತುರ ಇವೂ ಕಾರಣಗಳೇ. ಎಣ್ಣೆ ಕಾಣದ, ಡೊಂಕಾದ, ಗಡುಸಾದ ಸ್ಪ್ರಿಂಗ್ ಇರುವ ವಾಲ್ವ್ ಪ್ರತಿ ಸ್ವರಕ್ಕೂ ಹೆಚ್ಚಿನ ಬಲ ಬೇಡುತ್ತದೆ. ಕಚೇರಿಯ ಕೀಬೋರ್ಡ್, ಮೊಬೈಲ್, ಬೈಕಿನ ಕ್ಲಚ್, ಮನೆಗೆಲಸ ಎಲ್ಲವೂ ಅದೇ ಮುಂಗೈಯ ಲೆಕ್ಕಕ್ಕೆ ಸೇರುತ್ತವೆ. ವೇದಿಕೆಯ ಆತಂಕ ಹಿಡಿತವನ್ನು ಬಿಗಿಗೊಳಿಸುತ್ತದೆ. ಚಳಿ ಬೆರಳನ್ನು ಪೆಡಸಾಗಿಸುತ್ತದೆ.

ಕೀಲುಗಳ ಅತಿ ಸಡಿಲತೆ ಸದಾ ಕೆಟ್ಟದ್ದೆಂಬ ನಂಬಿಕೆ ಪೂರ್ತಿ ನಿಜವಲ್ಲ. 1993ರಲ್ಲಿ ಪ್ರಕಟವಾದ 660 ಸಂಗೀತಗಾರರ ಅಧ್ಯಯನದಲ್ಲಿ ಮಣಿಕಟ್ಟು ಸಡಿಲವಾಗಿದ್ದ 96 ಮಂದಿಯ ಪೈಕಿ 5 ಮಂದಿಗೆ ಮಾತ್ರ ಅಲ್ಲಿ ನೋವು ಅಥವಾ ಬಿಗಿತವಿತ್ತು. ಸಡಿಲವಿಲ್ಲದ 564 ಮಂದಿಯಲ್ಲಿ 100 ಮಂದಿಗಿತ್ತು. ಆದರೆ ಆ ಲಾಭ ಸಿಕ್ಕಿದ್ದು ಮುಖ್ಯವಾಗಿ ಕೊಳಲು, ಪಿಟೀಲು, ಪಿಯಾನೊ ನುಡಿಸುವವರಿಗೆ, ಅಂದರೆ ಬೆರಳು ಓಡಾಡುವ ಕೆಲಸದಲ್ಲಿ. ಭಾರ ಹೊತ್ತು ಅಲುಗಾಡದೆ ನಿಲ್ಲಬೇಕಾದ ಮೊಣಕಾಲು ಮತ್ತು ಬೆನ್ನೆಲುಬಿನಲ್ಲಿ ಸಡಿಲತೆ ತೊಂದರೆಯನ್ನೇ ಹೆಚ್ಚಿಸಿತ್ತು. ಹಿಡಿಯುವ ಕೆಲಸವೂ ನುಡಿಸುವ ಕೆಲಸವೂ ದೇಹಕ್ಕೆ ಬೇರೆ ಬೇರೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಪರೀಕ್ಷೆ

ವೈದ್ಯರ ಬಳಿಗೆ ವಾದ್ಯವನ್ನು ಕೊಂಡೊಯ್ಯಬೇಕು. ಖಾಲಿ ಕೈಯನ್ನು ಮೇಜಿನ ಮೇಲಿಟ್ಟು ನೋಡಿದರೆ ತಿಳಿಯದ್ದು, ವಾದ್ಯ ಎತ್ತಿ ಹತ್ತು ನಿಮಿಷ ಊದಿದಾಗ ತಿಳಿಯುತ್ತದೆ: ಭುಜ ಕಿವಿಯತ್ತ ಏರುತ್ತಿದೆಯೇ, ಮಣಿಕಟ್ಟು ಬಾಗಿದೆಯೇ, ಬೆರಳ ಗಿಣ್ಣು ಬಿಳಿಚುವಷ್ಟು ಹಿಡಿತವಿದೆಯೇ, ತಾರಸ್ವರದಲ್ಲಿ ಕೈ ಎಳೆಯುತ್ತಿದೆಯೇ. ಯಾವ ವಾದ್ಯ, ಎಷ್ಟು ಹೊತ್ತು, ಇತ್ತೀಚೆಗೆ ಏನು ಬದಲಾಯಿತು, ಬೇರೇನು ಉದ್ಯೋಗ ಎಂಬ ವಿವರಗಳೇ ಅರ್ಧ ರೋಗನಿರ್ಣಯ. ನರದ ಶಂಕೆಯಿದ್ದರೆ ನರವಹನ ಪರೀಕ್ಷೆ, ರಜ್ಜುವಿನ ಶಂಕೆಯಿದ್ದರೆ ಅಲ್ಟ್ರಾಸೌಂಡ್, ಕೀಲಿಗೆ ಎಕ್ಸ್‌ರೇ ನೆರವಾಗುತ್ತವೆ. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಗರ್ಭಾವಸ್ಥೆಗಳನ್ನೂ ವಿಚಾರಿಸಬೇಕು. ಇವು ಕೈಯ ಜೋಮಿಗೂ ನೋವಿಗೂ ಕಾರಣವಾಗುತ್ತವೆ.

ಕೆಲವು ಲಕ್ಷಣಗಳಿದ್ದರೆ ತಡಮಾಡಬಾರದು: ಬಿಡದ ಜೋಮು, ಹೆಬ್ಬೆರಳ ಬುಡದ ಸ್ನಾಯು ಕರಗುವುದು, ಕೈಯಿಂದ ವಸ್ತು ಜಾರಿ ಬೀಳುವುದು, ಕೀಲು ಕೆಂಪಾಗಿ ಊದಿಕೊಂಡು ಜ್ವರ ಬರುವುದು, ಬಿದ್ದ ನಂತರದ ನೋವು. ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದನ್ನು ವಾದ್ಯದ ತಲೆಗೆ ಕಟ್ಟದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಅದು ಹೃದಯದ್ದಿರಬಹುದು.

ನಿರ್ವಹಣೆ

ಹೊರೆ ಇಳಿಸುವುದು: ಮೊದಲ ಹೆಜ್ಜೆ ಇದು. ವಾದ್ಯವನ್ನು ಬಾಯಿಗೆ ತರಬೇಕು, ಬಾಯಿಯನ್ನು ವಾದ್ಯದ ಬಳಿಗೆ ಬಗ್ಗಿಸಬಾರದು. ಮಣಿಕಟ್ಟು ಮುಂಗೈಗೆ ನೇರವಾಗಿ ಅಥವಾ ಸ್ವಲ್ಪವೇ ಹಿಂದಕ್ಕೆ ಇರಬೇಕು. ವಾದ್ಯ ಜಾರದಷ್ಟು ಬಲ ಸಾಕು. ಎಷ್ಟು ಸಾಕೆಂದು ತಿಳಿಯಲು ಮೊದಲು ಬಿಗಿಯಾಗಿ ಹಿಡಿದು, ಮೆಲ್ಲಗೆ ಸಡಿಲಿಸುತ್ತ ಹೋಗಿ, ಜಾರುವ ಹಂತಕ್ಕೆ ತುಸು ಮೊದಲು ನಿಲ್ಲಿಸಬೇಕು. ಟ್ರಂಪೆಟ್ ವಾದಕರು ಕಿರುಬೆರಳನ್ನು ಕೊಕ್ಕೆಯ ಮೇಲೆ ಸುಮ್ಮನೆ ಇರಿಸಿ ಊದುವುದನ್ನು ರೂಢಿಸಿಕೊಳ್ಳಬಹುದು. ಸಂಗೀತದಲ್ಲಿ ವಿರಾಮ ಬಂದಾಗಲೆಲ್ಲ ವಾದ್ಯವನ್ನು ತೊಡೆಗೆ ಇಳಿಸುವುದು ಸಣ್ಣ ಸಂಗತಿಯಾದರೂ ಒಂದು ತಾಲೀಮಿನಲ್ಲಿ ಅದು ಕೈಗೆ ಕೊಡುವ ಬಿಡುವು ದೊಡ್ಡದು.

ಬಳಿಕ ವಾದ್ಯವನ್ನೇ ಕೈಗೆ ಹೊಂದಿಸಬೇಕು. ಹಾರ್ನ್‌ನ ಕಿರುಬೆರಳ ಕೊಕ್ಕೆಯ ಜಾಗ ಬದಲಿಸಬಹುದು. ಅಂಗೈ ಮೇಲೆ ಭಾರ ಹಂಚುವ ಪಟ್ಟಿ ಅಥವಾ ಆಸರೆ ಅಳವಡಿಸಬಹುದು. ಟ್ರಾಂಬೋನ್‌ಗೆ ಎಡಗೈಯ ಸಂದಿನ ಭಾರವನ್ನು ಇಡೀ ಅಂಗೈಗೆ ಹಂಚುವ ಹಿಡಿಗಳಿವೆ. ವಾದ್ಯದ ತೂಕವನ್ನು ಕುರ್ಚಿಗೋ ಸೊಂಟದ ಪಟ್ಟಿಗೋ ದಾಟಿಸುವ ಸ್ಪ್ರಿಂಗ್ ಅಳವಡಿಸಿದ ಊರುಗೋಲುಗಳನ್ನು ಫಿನ್ಲೆಂಡಿನಲ್ಲಿ ರೂಪಿಸಿದ್ದಾರೆ. ಅವು ಟ್ರಾಂಬೋನ್, ಹಾರ್ನ್, ಟ್ರಂಪೆಟ್ ವಾದಕರಿಗೆ ಉಪಯೋಗಕ್ಕೆ ಬರುತ್ತವೆ. ಟ್ಯೂಬಾಗೆ ಸ್ಟ್ಯಾಂಡ್, ಯೂಫೋನಿಯಂಗೆ ತೊಡೆಯ ಮೇಲೆ ದಿಂಬು, ಸೂಸಾಫೋನ್‌ಗೆ ದಪ್ಪನೆಯ ಭುಜದ ಮೆತ್ತೆ ಬೇಕು. ವಾಲ್ವ್‌ಗೆ ನಿತ್ಯ ಎಣ್ಣೆ, ಅಗತ್ಯವಿದ್ದರೆ ಹಗುರ ಸ್ಪ್ರಿಂಗ್. ಆಸರೆ ಬಳಸುವುದರಿಂದ ವಾದಕನ ಯೋಗ್ಯತೆ ಕುಂದುವುದಿಲ್ಲ. ಚೆಲ್ಲೊ ವಾದಕರು ವಾದ್ಯವನ್ನು ಕಡ್ಡಿಯ ಮೇಲೆ ನೆಲಕ್ಕೆ ಊರಿಯೇ ನುಡಿಸುತ್ತಾರೆ.

ಚಿಕಿತ್ಸೆ: ಪೂರ್ತಿ ವಿಶ್ರಾಂತಿ ಅಪರೂಪಕ್ಕೆ ಬೇಕು. ನೋವು ಬರಿಸದಷ್ಟು ನುಡಿಸುತ್ತ ಉಳಿದದ್ದನ್ನು ನಿಲ್ಲಿಸುವುದು ಸಾಮಾನ್ಯ ಕ್ರಮ, ಏಕೆಂದರೆ ವಾರಗಟ್ಟಲೆ ಅಲುಗಾಡಿಸದ ಕೈ ಮತ್ತಷ್ಟು ಬಲ ಕಳೆದುಕೊಳ್ಳುತ್ತದೆ. ನೋವಿನ ಮಾತ್ರೆ ಅಲ್ಪಕಾಲಕ್ಕೆ, ವೈದ್ಯರ ಸಲಹೆಯ ಮೇರೆಗೆ. ಮಾತ್ರೆ ನುಂಗಿ ನೋವನ್ನು ಮುಚ್ಚಿ ಸಂಗೀತ ಕಛೇರಿಗೆ ಹೋಗುವುದು ಅಪಾಯಕರ, ಏಕೆಂದರೆ ಎಚ್ಚರಿಸಬೇಕಾದ ನೋವೇ ಆಗ ಸುಮ್ಮನಿರುತ್ತದೆ. ಕಾರ್ಪಲ್ ಸುರಂಗದ ತೊಂದರೆಗೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ, ಅಲ್ನರ್ ನರಕ್ಕೆ ರಾತ್ರಿ ಮೊಣಕೈ ಮಡಿಸದಂತೆ ಸುತ್ತಿದ ಟವಲ್ ನೆರವಾಗುತ್ತವೆ. ಫಿಸಿಯೋಥೆರಪಿಯಲ್ಲಿ ಮುಂಗೈ ಸ್ನಾಯುಗಳಿಗೆ ಕ್ರಮೇಣ ಭಾರ ಏರಿಸುವ ವ್ಯಾಯಾಮ ಕೊಡುತ್ತಾರೆ. ಭುಜ ಮತ್ತು ಬೆನ್ನ ಮೇಲ್ಭಾಗ ಬಲಗೊಂಡರೆ ಮುಂಗೈಯ ಹೊರೆ ತಗ್ಗುತ್ತದೆ.

ಸ್ಟೀರಾಯ್ಡ್ ಚುಚ್ಚುಮದ್ದಿನ ವಿಷಯದಲ್ಲಿ ಎಚ್ಚರ ಬೇಕು. ಟ್ರಿಗರ್ ಫಿಂಗರ್ ಮತ್ತು ದ ಕೆರ್ವಾಂ ತೊಂದರೆಗಳಲ್ಲಿ ಅದು ಹಲವರಿಗೆ ಗುಣ ಕೊಡುತ್ತದೆ. ಟೆನಿಸ್ ಎಲ್ಬೋ ವಿಷಯ ಬೇರೆ: 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಚುಚ್ಚುಮದ್ದು ಪಡೆದವರು ಆರು ವಾರಗಳಲ್ಲಿ ಬೇಗ ಚೇತರಿಸಿಕೊಂಡರೂ, ಆಮೇಲೆ ಅವರಲ್ಲೇ ನೋವು ಹೆಚ್ಚಾಗಿ ಮರುಕಳಿಸಿತು. ಆರು ವಾರದಾಚೆಯ ಕಛೇರಿಗೂ ಆರು ವರ್ಷದಾಚೆಯ ಕೈಗೂ ಬೇಕಾದ ಚಿಕಿತ್ಸೆ ಒಂದೇ ಅಲ್ಲ. ನರ ನಿಜವಾಗಿ ಅದುಮಿ ಸ್ನಾಯು ಸೊರಗುತ್ತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಗೆ ತಡಮಾಡಬಾರದು. ಡಿಸ್ಟೋನಿಯಾಗೆ ಬೊಟುಲಿನಂ ಚುಚ್ಚುಮದ್ದು ಮತ್ತು ತಾಳ್ಮೆಯ ಮರುಕಲಿಕೆಯನ್ನು ಬಳಸುತ್ತಾರೆ. ಟಾಸ್ಮೇನಿಯಾದಲ್ಲಿ ಹುಟ್ಟಿದ ನಟ ಎಫ್. ಎಂ. ಅಲೆಕ್ಸಾಂಡರ್ (1869–1955) ರೂಪಿಸಿದ ದೇಹಭಂಗಿಯ ಪದ್ಧತಿಯನ್ನು ಪಾಶ್ಚಾತ್ಯ ಸಂಗೀತ ಶಾಲೆಗಳಲ್ಲಿ ಕಲಿಸುವುದುಂಟು. ಅನಗತ್ಯ ಬಿಗಿತವನ್ನು ಗುರುತಿಸಿ ಬಿಡುವುದು ಅದರ ಸಾರ.

ವಾದನಕ್ಕೆ ಮರಳುವುದು: ಹಿತ್ತಾಳೆ ವಾದ್ಯಗಾರರಿಗೆ ಇಲ್ಲೊಂದು ಅನುಕೂಲವಿದೆ. ಪಿಟೀಲುಗಾರರ ಸ್ವರ ಕೈಯಲ್ಲೇ ಇದೆ. ಇವರ ಸ್ವರ ಉಸಿರಿನಲ್ಲಿದೆ. ವಾದ್ಯ ಎತ್ತದೆಯೇ ಉಸಿರಿನ ಅಭ್ಯಾಸ, ಮೌತ್‌ಪೀಸ್ ಒಂದರಲ್ಲೇ ತುಟಿ ಕಂಪಿಸುವ ಅಭ್ಯಾಸ, ಸ್ವರಲಿಪಿ ಓದುತ್ತ ಹಾಡಿಕೊಳ್ಳುವುದು, ಮನಸ್ಸಿನಲ್ಲೇ ನುಡಿಸುವುದು ಎಲ್ಲ ಸಾಧ್ಯ. ಕೈ ಗುಣವಾಗುತ್ತಿರುವಾಗ ಸಾಧನೆ ನಿಲ್ಲಬೇಕಿಲ್ಲ.

ವಾದ್ಯ ಎತ್ತುವಾಗ ಐದು ನಿಮಿಷ ಊದಿ, ಅದಕ್ಕಿಂತ ಹೆಚ್ಚು ಹೊತ್ತು ಬಿಡುವು ಕೊಟ್ಟು, ಮತ್ತೆ ಐದು ನಿಮಿಷ ಊದುವುದರಿಂದ ತೊಡಗಬಹುದು. ಮಾರನೆಯ ಬೆಳಗ್ಗೆ ನೋವು ಹೆಚ್ಚಿಲ್ಲದಿದ್ದರೆ ಮಾತ್ರ ಮುಂದಿನ ಹಂತ; ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಮರಳಬೇಕು. ಮೊದಲು ಮಧ್ಯಸ್ಥಾಯಿಯ ನಿಧಾನ ಸ್ವರಗಳು, ಆಮೇಲೆ ಹೊತ್ತು, ಆಮೇಲೆ ವೇಗ, ಕೊನೆಗೆ ತಾರಸ್ಥಾಯಿ ಮತ್ತು ಜೋರು. ಒಂದು ಸಲಕ್ಕೆ ಒಂದನ್ನೇ ಏರಿಸಬೇಕು. ಎಲ್ಲವನ್ನೂ ಒಟ್ಟಿಗೆ ಏರಿಸಿದರೆ 'ಯಾವುದರಿಂದ ನೋವು ಬಂತು' ಎಂಬುದು ತಿಳಿಯದೆ ಹೋಗುತ್ತದೆ. ಬರೆದಿಡುವ ಅಭ್ಯಾಸ ಇಲ್ಲಿ ಬಹಳ ಉಪಕಾರಿ. ಗುಣವಾದ ಮೇಲೂ ಇಪ್ಪತ್ತೈದು ಮೂವತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ವಾದ್ಯ ಕೆಳಗಿಡುವ ನಿಯಮವನ್ನು ಕೈಬಿಡಬಾರದು.

ತಡೆಗಟ್ಟುವಿಕೆ ಮತ್ತು ಬೋಧನೆ

ಮಕ್ಕಳಿಗೆ ವಾದ್ಯ ಆರಿಸುವಾಗ ಕೈಯ ಅಳತೆ ಮತ್ತು ಬಲ ನೋಡಬೇಕು. ಕಾರ್ನೆಟ್ ಟ್ರಂಪೆಟ್‌ಗಿಂತ ಗಿಡ್ಡ. ಭಾರ ಮೈಗೆ ಹತ್ತಿರವಿರುವುದರಿಂದ ಪುಟ್ಟ ಕೈಗೆ ಹಿತ. ಪ್ಲಾಸ್ಟಿಕ್‌ನ ಪಿಬೋನ್ ಟ್ರಾಂಬೋನ್ ಸುಮಾರು 800 ಗ್ರಾಂ ಮಾತ್ರ ತೂಗುತ್ತದೆ. ಅಭ್ಯಾಸಕ್ಕೆ ಮುಂಚೆ ಭುಜ, ಮೊಣಕೈ, ಬೆರಳುಗಳನ್ನು ಮೆಲ್ಲಗೆ ಆಡಿಸಿ ಬೆಚ್ಚಗೆ ಮಾಡಿಕೊಳ್ಳುವುದು, ವಾರದ ಒಟ್ಟು ಹೊತ್ತನ್ನು ನಿಧಾನವಾಗಿ ಏರಿಸುವುದು, ಕಠಿಣ ಭಾಗವನ್ನು ಸಣ್ಣ ತುಂಡುಗಳಾಗಿ ಅಭ್ಯಾಸ ಮಾಡುವುದು ಇವು ಖರ್ಚಿಲ್ಲದ ರಕ್ಷಣೆ. ಗುರು ಮೊದಲ ದಿನವೇ ಹೇಳಬೇಕಾದ ಮಾತು, ನೋವು ಬಂದರೆ ನಿಲ್ಲಿಸಿ ತಿಳಿಸು ಎಂಬುದು. ನೋವನ್ನು ಶ್ರದ್ಧೆಯ ಗುರುತೆಂದು ಹೊಗಳಿದ ತರಗತಿಯಲ್ಲಿ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವ ಹೊತ್ತಿಗೆ ವಾರಗಳಲ್ಲಿ ಹೋಗಬಹುದಾಗಿದ್ದ ತೊಂದರೆ ತಿಂಗಳುಗಳಿಗೆ ಬೆಳೆದಿರುತ್ತದೆ.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ತುಟಿಯ ಕಂಪನದಿಂದ ನುಡಿಯುವ ವಾದ್ಯಗಳು ನಮ್ಮಲ್ಲಿ ಹೊಸವಲ್ಲ. ದೇವಸ್ಥಾನದ ಉತ್ಸವಗಳಲ್ಲಿ, ಜಾತ್ರೆಗಳಲ್ಲಿ ಊದುವ ಕೊಂಬು ಮತ್ತು ಕಹಳೆಗಳಿಗೆ ವಾಲ್ವ್ ಇಲ್ಲ; ಬೆರಳಿಗೆ ಕೆಲಸವಿಲ್ಲ. ಅಲ್ಲಿ ಕೈಯ ಶ್ರಮವೆಲ್ಲ ಎತ್ತಿ ಹಿಡಿಯುವುದೇ. ಮೈಸೂರು ಅರಮನೆಯ ಆಶ್ರಯದಲ್ಲಿ 19ನೆಯ ಶತಮಾನದಲ್ಲಿ ಬೆಳೆದ ಪಾಶ್ಚಾತ್ಯ ಬ್ಯಾಂಡ್ ಪರಂಪರೆ ಇಂದು ಕರ್ನಾಟಕ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ. ದಸರಾ ಕಾಲದಲ್ಲಿ ಅರಮನೆಯ ಮುಂದಿನ ವಾದನವೂ ಮೆರವಣಿಗೆಯೂ ವಾದಕರ ತೋಳಿಗೆ ವರ್ಷದ ದೊಡ್ಡ ಪರೀಕ್ಷೆ. ನಡೆಯುತ್ತ ಊದುವಾಗ ಪ್ರತಿ ಹೆಜ್ಜೆಯ ಕುಲುಕನ್ನೂ ಕೈ ತಡೆದುಕೊಂಡು ಮೌತ್‌ಪೀಸ್ ತುಟಿಯಿಂದ ಅಲುಗದಂತೆ ನೋಡಿಕೊಳ್ಳಬೇಕು.

ಸಂಖ್ಯೆಯಲ್ಲಿ ಹೆಚ್ಚಿನವರು ಮದುವೆಯ ಬ್ಯಾಂಡ್‌ಸೆಟ್ಟಿನವರು. ಉತ್ತರಪ್ರದೇಶದ ಮೀರತ್‌ನ ಜಲಿ ಕೋಠಿ ದೇಶದ ಬ್ಯಾಂಡ್ ವಾದ್ಯ ತಯಾರಿಕೆಯ ದೊಡ್ಡ ಕೇಂದ್ರ. ಅಲ್ಲಿನ ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ದಿಬ್ಬಣ, ಉತ್ಸವ, ಗಣೇಶ ವಿಸರ್ಜನೆಗಳಲ್ಲಿ ಬ್ಯಾಂಡ್‌ಸೆಟ್ಟಿನವರು ನಿಂತು, ನಡೆದು, ಗದ್ದಲದ ನಡುವೆ ಕೇಳಿಸುವಂತೆ ಜೋರಾಗಿ ಊದುತ್ತಾರೆ. ಭಾರ, ಹೊತ್ತು, ಜೋರು ಮೂರೂ ಒಟ್ಟಿಗೆ ಸೇರುವ ಕೆಲಸ ಇದು. ಸೀಸನ್ನಿನಲ್ಲಿ ಒಂದು ದಿನ ಬಿಟ್ಟರೆ ಆ ದಿನದ ಕೂಲಿ ಇಲ್ಲ. ಆದ್ದರಿಂದ ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸಲಹೆಯೊಂದೇ ಇವರಿಗೆ ಸಾಲದು. ವಾದ್ಯಕ್ಕೊಂದು ಹೆಗಲ ಪಟ್ಟಿ, ವಾಲ್ವ್‌ಗೆ ಸಮಯಕ್ಕೆ ಎಣ್ಣೆ ಮತ್ತು ರಿಪೇರಿ, ಮೆರವಣಿಗೆ ನಿಂತಾಗ ವಾದ್ಯ ಇಳಿಸುವ ರೂಢಿ, ಇಬ್ಬರು ಸರದಿಯಲ್ಲಿ ಊದುವ ಏರ್ಪಾಡು ಇವು ತಂಡದ ಯಜಮಾನರ ಕೈಯಲ್ಲಿರುವ ಪರಿಹಾರಗಳು. ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದ ವೈದ್ಯರೂ ಫಿಸಿಯೋಥೆರಪಿಸ್ಟರೂ 'ಏನು ಕೆಲಸ ಮಾಡುತ್ತೀರಿ' ಎಂಬ ಪ್ರಶ್ನೆಗೆ ಬ್ಯಾಂಡ್ ಎಂಬ ಉತ್ತರ ಬಂದಾಗ, ಯಾವ ವಾದ್ಯ, ಹೇಗೆ ಹಿಡಿಯುತ್ತೀರಿ ಎಂದು ಇನ್ನೆರಡು ಪ್ರಶ್ನೆ ಕೇಳಿದರೆ ಚಿಕಿತ್ಸೆಯ ದಿಕ್ಕು ಸಿಗುತ್ತದೆ. ಬೇಗ ಗಮನಿಸಿ ಹೊರೆ ತಗ್ಗಿಸಿದ ಅತಿಬಳಕೆಯ ನೋವು ಹೆಚ್ಚಿನವರಲ್ಲಿ ವಾಸಿಯಾಗುತ್ತದೆ, ವಾದಕರು ತಮ್ಮ ವಾದ್ಯಕ್ಕೆ ಮರಳುತ್ತಾರೆ.